ಕ್ಯಾಂಟೀನಿನಲ್ಲಿ ಬಿಡಿಸಿದ ಗಡಿಯಾರ

ಪೀಣ್ಯ, ಗುರುವಾರ ಬೆಳಿಗ್ಗೆ

ಸೂಪರ್‌ವೈಸರ್ ನಂಜಪ್ಪ ಸಾರ್ ಅವರಿಗೆ, ಲೇತ್ ಮೆಷೀನಿನ ಪರಮಾನಂದನ ನಮಸ್ಕಾರ.

ಇವತ್ತು ನನಗೆ ರಜೆ ಬೇಕು. ಬಾಯಲ್ಲಿ ಕೇಳಿದರೆ ಬೈದು ಕಳಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಕ್ಯಾಂಟೀನಿನಲ್ಲಿ ಮೆದುಳಿನ ತಪಾಸಣೆ ನಡೆಯಿತಲ್ಲ, ನನ್ನ ಬಿಪಿ ಜಾಸ್ತಿ ಬಂತು. ತಂಬಾಕು ಬಿಡದಿದ್ದರೆ ಲಕ್ವ ಹೊಡೆಯಬಹುದು ಎಂದರು ಡಾಕ್ಟರ್ ಮೇಡಂ. ಆಮೇಲೆ, ಮೆದುಳಿನ ತೊಂದರೆ ಇದರಲ್ಲಿ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಗಡಿಯಾರದ ಚಿತ್ರ ಬಿಡಿಸಲು ಹೇಳಿದರು. ನಾನು ಆರು, ಎರಡು, ಹತ್ತು ಎಂದು ಮೂರೇ ಅಂಕಿ ಬರೆದೆ. ಉಳಿದವು ಎಲ್ಲಿ ಎಂದು ಕೇಳಿದರು. “ಶಿಫ್ಟ್ ಬದಲಾಗೂದು ಈ ಮೂರ ಹೊತ್ತಿಗೇ ಅಲ್ರೀ ಮೇಡಂ?” ಎಂದೆ. ಎಲ್ಲರೂ ನಕ್ಕರು, ನೀವೂ ನಕ್ಕಿರಿ.

ನೀವು ಗಡಿಯಾರ ಬಿಡಿಸಿದ ಕಾಗದವನ್ನು ಮಾತ್ರ ಯಾರಿಗೂ ತೋರಿಸದೆ ಮಡಿಸಿ ಜೇಬಿಗೆ ಹಾಕಿಕೊಂಡಿರಿ. ಮೇಡಂಗೆ ತೋರಿಸಿ ಎಂದಿದ್ದಕ್ಕೆ “ನಂಗೇನಾಗಿದೆ ಬಿಡೋ, ಹೋಗಿ ಕೆಲ್ಸ ನೋಡು” ಎಂದಿರಿ. ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ನೋಡಿಬಿಟ್ಟಿದ್ದೆ. ಹನ್ನೆರಡೂ ಅಂಕಿಗಳು ಬಲಗಡೆಯೇ ಒತ್ತಿಕೊಂಡು ನಿಂತಿದ್ದವು. ಎಡಗಡೆ ಬರೀ ಬಿಳಿ.

ಆ ಬಿಳಿ ನನ್ನ ಕನಸಿಗೆ ಬಂತು ಸಾರ್. ಮಂಜು ಕವಿದ ಕೆರೆಯ ಹಾಗಿತ್ತು. ದಡದಲ್ಲಿ ನಿಂತ ನೀವು ಎಡಗೈ ಚಾಚಿದಿರಿ, ಕೈ ಮೆಲ್ಲಗೆ ಮಂಜಿನೊಳಗೆ ಕರಗಿಹೋಯಿತು. ಎಚ್ಚರವಾದಾಗ ನೆನಪಾಯಿತು. ಎಡಚರಾದ ನೀವು ಮೊನ್ನೆಯಿಂದ ಬಲಗೈಯಲ್ಲಿ ಟೀ ಕುಡಿಯುತ್ತಿದ್ದೀರಿ.

ರಜೆ ಚೀಟಿಯಲ್ಲಿ ಇಬ್ಬರ ಹೆಸರೂ ಬರೆದಿದ್ದೇನೆ. ಗೇಟಿನ ಹತ್ತಿರ ಆಟೋ ನಿಲ್ಲಿಸಿದ್ದೇನೆ. ಓದಿದ ಕೂಡಲೇ ಆ ಗಡಿಯಾರದ ಕಾಗದ ತೆಗೆದುಕೊಂಡು ಬನ್ನಿ, ಆಸ್ಪತ್ರೆಗೆ ಹೋಗೋಣ.

ಆಟೋದಲ್ಲಿ ನಿಮ್ಮ ಎಡಗಡೆ ಕೂರಲಿರುವ,
ಪರಮಾನಂದ