‘ಮುಟ್ಟಬೇಡಿ’ ಎಂದು ಬರೆದ ಡಿಸ್ಕು

ದಾಂಡೇಲಿ,
ಶುಕ್ರವಾರ

ಉದಯಕುಮಾರ ಅವರಿಗೆ,

‘ಉದಯಣ್ಣಾ’ ಎಂದು ಶುರುಮಾಡಿ ಒಂದು ಹಾಳೆ ಹರಿದೆ. ಇದು ಎರಡನೆಯದು.

ನಮ್ಮ ಔಷಧಿ ಹೋಲ್‌ಸೇಲ್ ಅಂಗಡಿಗೆ ಸರ್ವರ್ ತಂದಾಗ ನನಗೆ ಅದರ ಗಂಧಗಾಳಿ ಇರಲಿಲ್ಲ. ಕಲಿಸಿದವರು ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ನೀವು. ಯಾವ ಔಷಧಿ ಯಾವ ಊರಿಗೆ ಹೋಯಿತೆಂಬ ದಾಖಲೆ ಒಂದು ಡಿಸ್ಕಿನಲ್ಲಿ. ಆ ದಾಖಲೆಯಲ್ಲಾಗುವ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಇನ್ನೊಂದರಲ್ಲಿ. “ಎರಡೂ ಒಂದ ಕಡೆ ಇಡಬ್ಯಾಡ ತಂಗಿ. ಒಂದು ಸತ್ರ ಇನ್ನೊಂದು ಅದನ್ನ ಎಬ್ಬಸ್ತೈತಿ. ಮುಂಡಗೋಡ ಸಂತಿ ದಿನ ಆರ್ಡರ್ ದುಪ್ಪಟ್ಟು, ಆ ದಿನ ಹಿಡದು ಜಾಗಾ ಲೆಕ್ಕ ಹಾಕು” ಎಂದಿರಿ. ಹಾಕಿದೆ. ಮಾಲೀಕರನ್ನು ಕಾಡಿ ಬೇಡಿ ಎರಡು ಡಿಸ್ಕು ತರಿಸಿದೆ. ಒಂದಕ್ಕೆ ಹಸಿರು ಶಾಯಿಯಲ್ಲಿ ‘ಲಾಗ್, ಮುಟ್ಟಬೇಡಿ’ ಎಂದು ಬರೆದು ಚೀಟಿ ಅಂಟಿಸಿದೆ. ನೀವು ಭಾನುವಾರ ಬಂದು ಜೋಡಿಸಿದಿರಿ. ಪರದೆಯ ಮೇಲೆ ಎರಡು ಡಿಸ್ಕು ಕಂಡವು. ಅಣ್ಣ ಜೋಡಿಸಿದ್ದನ್ನು ಯಾರು ಬಿಚ್ಚಿ ನೋಡುತ್ತಾರೆ? ಮರುತಿಂಗಳು ನಿಮ್ಮ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಬಂದೆ.

ಈ ವರ್ಷ ಡಿಸ್ಕು ಕೆಟ್ಟಿತು. ದಾಖಲೆಯ ಜೊತೆ ಲಾಗೂ ಹೋಯಿತು. ಬಿಚ್ಚಿದರೆ ಒಳಗಿದ್ದದ್ದು ಒಂದೇ ಡಿಸ್ಕು. ಅದನ್ನೇ ಎರಡು ಭಾಗ ಮಾಡಿ ಎರಡು ಹೆಸರಿಟ್ಟಿದ್ದಿರಿ. ಫೋನ್ ಮಾಡಿದರೆ, “ನಾ ಎರಡೂ ಹಾಕೀನವಾ. ಸರ್ವರ್ ಖೋಲಿ ಕೀಲಿಕೈ ನಿನ್ನ ಕಡೆನ ಇತ್ತಲ್ಲ?” ಎಂದಿರಿ. ಮಾಲೀಕರಿಗೂ ಅದನ್ನೇ ಹೇಳಿದಿರಿ. ಅವತ್ತೇ ಕೀಲಿಕೈ ಕಿತ್ತುಕೊಂಡು ನನ್ನನ್ನು ಪೆಟ್ಟಿಗೆ ಕಟ್ಟಲು ಕೂರಿಸಿದರು.

ಶನಿವಾರ ಬೇರೆ ಕಡೆ ತೆಗೆದಿಟ್ಟ ದಾಖಲೆಯ ಒಂದು ಪ್ರತಿ ಉಳಿದಿತ್ತು. ಆಮೇಲಿನ ಐದು ದಿನದ ದಾಖಲೆ ಮಾಯ; ಲಾಗ್ ಇದ್ದಿದ್ದರೆ ಅದೂ ಸಿಗುತ್ತಿತ್ತು. ಅದೇ ಹೊತ್ತಿಗೆ ಜ್ವರದ ಔಷಧಿಯ ಒಂದು ಬ್ಯಾಚನ್ನು ಹಿಂದಕ್ಕೆ ತರಿಸಬೇಕಾಗಿ ಬಂತು. ಯಾರಿಗೆ ಹೋಗಿದೆಯೋ ಯಾರು ಬಲ್ಲರು? ಜೋಯಿಡಾ, ಗಣೇಶಗುಡಿ, ಮುಂಡಗೋಡ ಎಂದು ಒಂಬತ್ತು ದಿನ ಬಸ್ಸು ಹತ್ತಿ ಇಳಿದು, ಅಂಗಡಿ ಅಂಗಡಿ ಕೇಳಿದೆ. ಹಳಿಯಾಳದ ಮೆಡಿಕಲ್ ಅಂಗಡಿಯ ದುರ್ಗವ್ವ ಕುಡಿಯಲು ನೀರು ಕೊಟ್ಟು, “ಡಿಸ್ಕ್ ಕದ್ದಾಕಿ ನೀನ ಏನವಾ?” ಎಂದಳು. ಲೋಟ ಕೆಳಗಿಟ್ಟು ಮುಂದಿನ ಬಸ್ಸು ಹತ್ತಿದೆ.

ಮೊನ್ನೆ ನಿಮ್ಮ ಹೆಂಡತಿ ಪೂರ್ಣಿಮಾ ಅಂಗಡಿಗೆ ಬಂದಿದ್ದಳು. ಪಾಪ, ಅವಳಿಗೇನೂ ಗೊತ್ತಿಲ್ಲ. “ಅಕ್ಕಾರ, ಇದರಾಗ ನಮ್ಮ ಮದಿವಿ ವಿಡಿಯೋ ಐತ್ರಿ, ಪೆನ್‌ಡ್ರೈವಿಗೆ ಹಾಕಿಕೊಡ್ರಿ” ಎಂದು ಚೀಲದಿಂದ ಡಿಸ್ಕು ತೆಗೆದಳು. ಅದರ ಮೇಲಿದ್ದ ನನ್ನ ಚೀಟಿಯ ಹಸಿರು ಶಾಯಿ ಇನ್ನೂ ಮಾಸಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಮಾಲೀಕರಿಗೆ ಚೀಟಿ ತೋರಿಸಿದೆ. ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಈಗ ಆ ಡಿಸ್ಕು ತನ್ನ ಜಾಗದಲ್ಲಿದೆ.

ವಿಡಿಯೋದಲ್ಲಿ ಒಂದು ಕಡೆ ನಾನೂ ಇದ್ದೇನೆ. ಅಮ್ಮಿ ಕೊಟ್ಟ ಸೀರೆಯ ಪೊಟ್ಟಣ ಹಿಡಿದು ವೇದಿಕೆ ಹತ್ತುತ್ತೇನೆ. ನೀವು ಪೂರ್ಣಿಮಾಳ ಕಡೆ ಬಾಗಿ, “ಇಕಿ ನನ್ನ ತಂಗಿ” ಎನ್ನುತ್ತೀರಿ. ಮತ್ತೆ ಮತ್ತೆ ನೋಡಿ ಅತ್ತೆ. ಆಮೇಲೆ ಅದೊಂದು ತುಣುಕನ್ನು ಕತ್ತರಿಸಿ ಅಳಿಸಿದೆ. ಉಳಿದ ಮದುವೆಯನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಅವಳಿಗೆ ಕೊಟ್ಟು, ಒಂದನ್ನು ತವರುಮನೆಯಲ್ಲಿಡು ಎಂದಿದ್ದೇನೆ. ಎರಡೂ ಒಂದೇ ಕಡೆ ಇರಬಾರದು.

ಪೂರ್ಣಿಮಾ ನೂರು ಕಾಲ ಸುಖವಾಗಿರಲಿ. ನಿಮ್ಮ ವಿಷಯ ಖುದಾನಿಗೆ ಬಿಟ್ಟಿದ್ದೇನೆ. ಆ ತುಣುಕಿನ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

ಉಜ್ಮಾ