ಬಾನೆಟ್ ಮೇಲಿನ ಇಭೂತಿ

೧೭-೧೦-೧೯೬೧, ಮಂಗಳವಾರ
ದಾವಣಗೆರೆ

ಕಸ್ತೂರಮ್ಮನವರ ಮುಖ ಇನ್ನೂ ಕಣ್ಣೆದುರಿಂದ ಹೋಗಿಲ್ಲ. ಆಯುಧಪೂಜೆ ಬಂತೆಂದು ಹರಿಹರದಿಂದ ನಮ್ಮ ಗ್ಯಾರೇಜಿಗೆ ಕಾರು ತೊಳೆಯಲು ಕಳಿಸಿದ್ದರು. ಇಷ್ಟು ದಿನ ತೊಳೆದು ಪಾಲಿಶ್ ಹಾಕುವುದಷ್ಟೇ ನನ್ನ ಕೆಲಸ. ಈ ತಿಂಗಳಿಂದ ಬಣ್ಣ ಹೋದಲ್ಲಿ ಟಚಪ್ಪೂ ಮಾಡುತ್ತೇನೆ. ಬಾನೆಟ್ ಮೇಲೆ ಮೂರು ಗೆರೆಯಾಗಿ ಬಣ್ಣ ಸವೆದಿತ್ತು. ಖುಷಿಪಡಲಿ ಎಂದು ಕೇಳದೆಯೇ ಮುಚ್ಚಿಬಿಟ್ಟೆ.

ಸಂಜೆ ಬಂದವರು ಬಾನೆಟ್ ಮೇಲೆಲ್ಲ ಬೆರಳಾಡಿಸಿದರು.

"ಗೆರಿ ಎಲ್ಲಿ ಏಕಾಂತಪ್ಪ?"

"ಯಾವ ಗೆರಿ ಅಮ್ಮಾರೆ?"

"ನಮ್ಮೆಜಮಾನ್ರು ದಿನಾ ಇಲ್ಲೇ ಇಭೂತಿ ಎಳೀತಿದ್ರು. ಅವ್ರು ಹೋದ ಮ್ಯಾಲೆ ಅದೇ ಗೆರಿ ಮ್ಯಾಲೆ ನಾನು ಬೆರಳಿಡ್ತಿದ್ದೆ."

ಬಣ್ಣ ಹಚ್ಚಿ ಮುಚ್ಚಿದ್ದು ನಾನೇ ಎಂದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಎಲ್ಲಿದ್ವು ಅಂತ ನೀನಾರ ತೋರ್ಸಪ್ಪ."

ಬಗ್ಗಿ ಹುಡುಕಿದೆ. ಬಣ್ಣ ಅಷ್ಟು ಚೆನ್ನಾಗಿ ಕೂತಿತ್ತು. ನನಗೂ ಸಿಗಲಿಲ್ಲ.