ಯಾರ ಹುಟ್ಟುಹಬ್ಬ ಈಚೆಗೆ ಕಳೆಯಿತು?

ಸಂಶೋಧನೆಯ ಮೇಡಂ ಅವರಿಗೆ ನಮಸ್ಕಾರ.

ಮನಸ್ಸಿನ ಭಯದ ಬಗ್ಗೆ ಕೇಳಲು ಬಂದ ನೀವು, ಮನೆಯಲ್ಲಿ ಹದಿನೆಂಟು ತುಂಬಿದವರ ಪೈಕಿ ಯಾರ ಹುಟ್ಟುಹಬ್ಬ ಎಲ್ಲರಿಗಿಂತ ಈಚೆಗೆ ಕಳೆದಿದೆಯೋ ಅವರನ್ನೇ ಆರಿಸುತ್ತೇವೆ ಎಂದಿರಿ. ನನ್ನದೇ ಕಳೆದಿತ್ತು. ನೀವು ಮೆಟ್ಟಿಲಿಳಿದ ಕೂಡಲೇ ನಮ್ಮ ಯಜಮಾನರು ಬಾಗಿಲು ಹಾಕಿದರು. "ನಾನಿದ್ದೆ, ಅಮ್ಮ ಇದ್ರು, ನಿನ್ನನ್ನೇ ಯಾಕೆ ಕೇಳಿದ್ರು? ಯಾರ ಹತ್ರ ಬಾಯಿ ಬಿಟ್ಟೆ?" ಎನ್ನುತ್ತಾ, ಕಾದ ಇಸ್ತ್ರಿಪೆಟ್ಟಿಗೆಯನ್ನು ನನ್ನ ಬಲಗೈ ಮೇಲೆ ಊರಿದರು. ಹುಟ್ಟುಹಬ್ಬದ ಲೆಕ್ಕ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದು ಎಡಗೈ ಬರಹ, ಸೊಟ್ಟಗಿದ್ದರೆ ಕ್ಷಮಿಸಿ.

ಅವರ ಎದುರಿಗೆ "ಭಯ ಇಲ್ಲ" ಎಂದಿದ್ದೆ, ಅದನ್ನು ತಿದ್ದಿಕೊಳ್ಳಿ.

ಇನ್ನೊಂದು ಸುತ್ತು ಬಂದು, ಇದೇ ಲೆಕ್ಕದಲ್ಲಿ ಮತ್ತೆ ಹೊಸದಾಗಿ ಒಬ್ಬರನ್ನು ಆರಿಸುತ್ತೇವೆ ಎಂದಿದ್ದಿರಿ. ಬರುವುದಾದರೆ ಈ ವಾರವೇ ಬನ್ನಿ, ನನ್ನನ್ನೇ ಕೇಳಿ. ಸೋಮವಾರ ಮಗಳಿಗೆ ಹದಿನೆಂಟು ತುಂಬುತ್ತದೆ. ಆಮೇಲೆ ನಿಮ್ಮ ಲೆಕ್ಕಕ್ಕೆ ಸಿಗುವವಳು ಅವಳು.

ಇಂತಿ,
ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವವಳು